ಡ್ರಮ್ಮರ್ ನೀಲ್ ಪೀರ್ಟ್ ಹೋದ ದಾರಿ ನನಗೂ ಆದೀತೇ?

ಪ್ರಶ್ನೆ: ನನಗೆ 31 ವರ್ಷ, ಬೆಂಗಳೂರಿನಲ್ಲಿ ಕೆಲಸ. ಎಂಟು ವರ್ಷದಿಂದ ಡ್ರಮ್ಸ್ ನುಡಿಸುತ್ತಿದ್ದೇನೆ, ಗೆಳೆಯರ ರಾಕ್ ಬ್ಯಾಂಡಿಗೆ ಕನ್ನಡದಲ್ಲಿ ಹಾಡೂ ಬರೆಯುತ್ತೇನೆ. ಹೋದ ವರ್ಷ ಅಮ್ಮ ತೀರಿಕೊಂಡರು. ಅಲ್ಲಿಂದ ಎರಡೂ ನಿಂತಿವೆ. ಕೆನಡಾದ ರಶ್ ಬ್ಯಾಂಡಿನ ನೀಲ್ ಪೀರ್ಟ್ ಮಗಳನ್ನೂ ಹೆಂಡತಿಯನ್ನೂ ಕಳೆದುಕೊಂಡ ಮೇಲೆ ಬೈಕ್ ಹತ್ತಿ ಹೋಗಿ, ಪುಸ್ತಕ ಬರೆದು, ಮತ್ತೆ ಡ್ರಮ್ಸಿಗೆ ಮರಳಿದರೆಂದು ಓದಿದೆ. ಕೆಲಸ ಬಿಟ್ಟು ಲಡಾಖ್‌ವರೆಗೆ ಒಬ್ಬನೇ ಬೈಕಿನಲ್ಲಿ ಹೋಗೋಣ ಅನ್ನಿಸುತ್ತಿದೆ. ಅವರು ಯಾರ ಬಳಿಯೂ ಕಲಿತವರಲ್ಲ, ತಾಳ ಹಾಕುತ್ತಲೇ ಸಾಲು ಕಟ್ಟುತ್ತಿದ್ದರು, ಕ್ಯಾನ್ಸರ್ ಬಂದಿದ್ದರಿಂದ ನುಡಿಸುವುದು ಬಿಟ್ಟರು ಎಂದೆಲ್ಲ ಗೆಳೆಯರು ಹೇಳುತ್ತಾರೆ. ನಿಜವೇ? ಈಚೆಗೆ ಮತ್ತೆ ಶುರುಮಾಡೋಣವೆಂದು ರಶ್ ಬ್ಯಾಂಡಿನ ‘ಟಾಮ್ ಸಾಯರ್’ ಹಾಡು ಹಿಡಿದೆ, ಬಲ ಮಣಿಕಟ್ಟು ನೋಯುತ್ತಿದೆ. ಅವರ ಯಾವ ಪುಸ್ತಕದಿಂದ ಓದಲು ಶುರುಮಾಡಲಿ?

ಉತ್ತರ: ನಿಮ್ಮ ಪತ್ರದ ತಳದಲ್ಲಿರುವುದು ಒಂದೇ ಆತಂಕ: ನಿಂತುಹೋದದ್ದು ಮತ್ತೆ ಶುರುವಾಗುತ್ತದೆಯೇ, ಅದಕ್ಕೆ ಎಲ್ಲವನ್ನೂ ಬಿಟ್ಟು ಹೊರಡಬೇಕೇ? ಪೀರ್ಟ್ ಅವರ ಬದುಕು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಆದರೆ ಆ ಬದುಕಿನ ಬೈಕಿನ ಭಾಗ ಮಾತ್ರ ಊರೂರು ಸುತ್ತಿದೆ, ಉಳಿದದ್ದು ಯಾರ ಕಿವಿಗೂ ಬಿದ್ದಿಲ್ಲ. ಹಾಗಾಗಿ ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

1997ರ ಆಗಸ್ಟ್ 10ರಂದು ಅವರ ಮಗಳು ಸೆಲೀನಾ ಒಂಟಾರಿಯೊದಲ್ಲಿ ಕಾರು ಅಪಘಾತದಲ್ಲಿ ಸತ್ತಳು. ಹತ್ತು ತಿಂಗಳ ನಂತರ, 1998ರ ಜೂನ್ 20ರಂದು, ಅವರ ಸಂಗಾತಿ ಜಾಕ್ವೆಲಿನ್ ಕ್ಯಾನ್ಸರಿನಿಂದ ತೀರಿಕೊಂಡರು. ಮಗಳ ಅಂತ್ಯಕ್ರಿಯೆಯ ದಿನವೇ ಪೀರ್ಟ್ ತಮ್ಮ ಬ್ಯಾಂಡಿನವರಿಗೆ, ನನ್ನನ್ನು ನಿವೃತ್ತನೆಂದೇ ತಿಳಿಯಿರಿ ಎಂದಿದ್ದರು. 1998ರ ಆಗಸ್ಟಿನಲ್ಲಿ ಕ್ವಿಬೆಕ್‌ನ ಮನೆಯಿಂದ ಬಿಎಂಡಬ್ಲ್ಯು ಆರ್1100ಜಿಎಸ್ ಬೈಕಿನಲ್ಲಿ ಹೊರಟು ಕೆನಡಾದ ಪಶ್ಚಿಮ, ಅಲಾಸ್ಕಾ, ಅಲ್ಲಿಂದ ಕೆಳಗಿಳಿದು ಮೆಕ್ಸಿಕೊ, ಬೆಲೀಜ್‌ವರೆಗೆ ಹೋದರು. 14 ತಿಂಗಳು, ಸುಮಾರು 88,000 ಕಿ.ಮೀ. ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ 200 ಕಿ.ಮೀ. ಆಯಿತು. ಇದು ಒಂದೇ ಉಸಿರಿನ ಯಾತ್ರೆಯೂ ಆಗಿರಲಿಲ್ಲ. ನಡುವಿನ ಚಳಿಗಾಲವನ್ನು ಕೆರೆಯ ದಡದ ತಮ್ಮ ಮನೆಗೇ ಹಿಂದಿರುಗಿ, ಹಿಮದಲ್ಲಿ ನಡೆಯುತ್ತ, ಸ್ಕೀ ಮಾಡುತ್ತ ಕಳೆದರು.

ಈಗ ಕತೆಯಲ್ಲಿ ಬಿಟ್ಟುಹೋಗುವ ಸಂಗತಿಗಳಿಗೆ ಬರೋಣ. ಮಗಳು ಹೋದ ಮೇಲೆ ಗಂಡ-ಹೆಂಡತಿ ಲಂಡನ್ನಿಗೆ ಹೋಗಿದ್ದಾಗ ದುಃಖದ ವಿಷಯದಲ್ಲೇ ನುರಿತ ಆಪ್ತಸಮಾಲೋಚಕರನ್ನು ಕಾಣುತ್ತಿದ್ದರು. ದಾರಿಯುದ್ದಕ್ಕೂ ಪೀರ್ಟ್ ಗೆಳೆಯರಿಗೆ ಪತ್ರ ಬರೆಯುತ್ತಲೇ ಇದ್ದರು. ಜೊತೆಗೆ ಬರಬೇಕಿದ್ದ ಒಬ್ಬ ಗೆಳೆಯ ಜೈಲು ಸೇರಿದ್ದ, ಅವನಿಗೆ ಬರೆದ ಪತ್ರಗಳೇ ಮುಂದೆ ಪುಸ್ತಕದ ದೊಡ್ಡ ಪಾಲಾದವು. ಕೈಯಲ್ಲಿ ದುಡ್ಡಿತ್ತು, ಹಿಂದಿರುಗಲು ಮನೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಂಡಿನ ಇನ್ನಿಬ್ಬರು, ಗಾಯಕ ಗೆಡ್ಡಿ ಲೀ ಮತ್ತು ಗಿಟಾರ್ ನುಡಿಸುವ ಅಲೆಕ್ಸ್ ಲೈಫ್‌ಸನ್ ಒತ್ತಾಯಿಸದೆ ಕಾದರು. ಲೀ ಆ ನಡುವೆ, 2000ದಲ್ಲಿ, ತಮ್ಮದೇ ಒಂದು ಆಲ್ಬಂ ಮಾಡಿ ಮುಗಿಸಿದರು. ಪೀರ್ಟ್ ಅದೇ ವರ್ಷ ಛಾಯಾಗ್ರಾಹಕಿ ಕ್ಯಾರಿ ನಟ್ಟಾಲ್ ಅವರನ್ನು ಮದುವೆಯಾದರು. ಬ್ಯಾಂಡ್ ಮತ್ತೆ ಕೂತದ್ದು 2001ರ ಜನವರಿಯಲ್ಲಿ. ‘ವೇಪರ್ ಟ್ರೇಲ್ಸ್’ ಆಲ್ಬಂ ಹೊರಬರಲು ಇನ್ನೂ ಒಂದೂಕಾಲು ವರ್ಷ ಹಿಡಿಯಿತು. ಪ್ರವಾಸದ ಪುಸ್ತಕ ‘ಗೋಸ್ಟ್ ರೈಡರ್’ ಕೂಡ 2002ರಲ್ಲೇ ಬಂತು, ಅಂದರೆ ಬೈಕ್ ಹತ್ತಿದ ನಾಲ್ಕು ವರ್ಷಕ್ಕೆ.

ನಿಮಗೆ ಆಗಿರುವುದು ಒಂದು ವರ್ಷ. ತಡವಾಯಿತೆಂದು ಗಾಬರಿಯಾಗಬೇಡಿ.

ಲಡಾಖ್ ವಿಚಾರದಲ್ಲಿ ನಿಮ್ಮೆದುರು ಮೂರು ದಾರಿಗಳಿವೆ. ಮೊದಲನೆಯದು ಕೆಲಸ ಬಿಟ್ಟು ಹೊರಡುವುದು. ಬೆಂಗಳೂರಿನಿಂದ ಲೇಹ್‌ಗೆ ಒಂದು ಕಡೆಗೇ ಮೂರು ಸಾವಿರ ಕಿ.ಮೀ.ಗೂ ಹೆಚ್ಚು, ಊರು ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ದುಃಖದಲ್ಲಿರುವವರಿಗೆ ನಿದ್ದೆ ಸರಿಯಿರುವುದಿಲ್ಲ, ಗಮನ ಜಾರುತ್ತದೆ, ಹೊಟ್ಟೆ ಹಸಿದದ್ದು ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಈ ಮೂರೂ ಅಪಾಯ. ಎತ್ತರದಲ್ಲಿ ತಲೆನೋವು, ವಾಂತಿ ಶುರುವಾದರೆ ಹೇಳಿಕೊಳ್ಳಲು ಜೊತೆಯಲ್ಲಿ ಯಾರೂ ಇರುವುದಿಲ್ಲ. ವಾಪಸು ಬಂದಾಗ ಸಂಬಳವಿಲ್ಲದ ಚಿಂತೆ ಬೇರೆ ಕಾದಿರುತ್ತದೆ. ಈ ಸ್ಥಿತಿಯಲ್ಲಿ ನಾನು ಯಾರಿಗೂ ಇದನ್ನು ಹೇಳಲಾರೆ.

ಎರಡನೆಯದು ಹತ್ತು-ಹದಿನಾಲ್ಕು ದಿನ ರಜೆ ಹಾಕಿ ಹತ್ತಿರದ ದಾರಿ ಹಿಡಿಯುವುದು. ದಿನಕ್ಕೆ 200 ಕಿ.ಮೀ. ಮೀರಬೇಡಿ. ಸಂಜೆ ಐದರೊಳಗೆ ಗಾಡಿ ನಿಲ್ಲಿಸಿ. ಪ್ರತಿ ರಾತ್ರಿ ಒಬ್ಬರಿಗೆ ‘ತಲುಪಿದೆ’ ಎಂಬ ಸಂದೇಶ ಹೋಗಲೇಬೇಕು, ಬರದಿದ್ದರೆ ಅವರು ಏನು ಮಾಡಬೇಕೆಂದು ಮೊದಲೇ ಮಾತಾಗಿರಲಿ. ಮಲಗುವ ಮುಂಚೆ ಒಬ್ಬ ನಿಜವಾದ ವ್ಯಕ್ತಿಗೆ ಒಂದು ಪುಟದ ಪತ್ರ ಬರೆಯಿರಿ. ಡೈರಿಯಲ್ಲಿ ನಮಗೆ ನಾವೇ ಬರೆದುಕೊಂಡರೆ ಒಂದೇ ನೋವಿನ ಸುತ್ತ ಸುತ್ತುತ್ತೇವೆ. ಇನ್ನೊಬ್ಬರಿಗೆ ಬರೆಯುವಾಗ ದಾರಿಯಲ್ಲಿ ಕಂಡದ್ದು, ತಿಂದದ್ದು, ಮಳೆ ಬಂದದ್ದು ಹೇಳಬೇಕಾಗುತ್ತದೆ, ಕಣ್ಣು ಹೊರಗೆ ಹೋಗುತ್ತದೆ. ಪೀರ್ಟ್ ಅವರ ಗದ್ಯ ಬೆಳೆದದ್ದೇ ಹೀಗೆ.

ಮೂರನೆಯದು ಎಲ್ಲೂ ಹೋಗದೆ ದಿನಕ್ಕೆ 20 ನಿಮಿಷ ಡ್ರಮ್ಸ್ ಅಭ್ಯಾಸದ ಪ್ಯಾಡ್ ಮೇಲೆ, 20 ನಿಮಿಷ ಕಾಗದದ ಮೇಲೆ ಕೂರುವುದು. ಇದರ ತೊಂದರೆ ಎಂದರೆ ಬೇಸರ, ಮೊದಲ ಎರಡು-ಮೂರು ವಾರ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನನ್ನ ಒಲವು ಮೂರನೆಯದರಿಂದ ಶುರುಮಾಡಿ, ಮನಸ್ಸು ಸ್ವಲ್ಪ ಹದಕ್ಕೆ ಬಂದ ಮೇಲೆ ಎರಡನೆಯದಕ್ಕೆ ಹೋಗುವುದು. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬಂದುಹೋಗುತ್ತಿದ್ದರೆ ಮೂರನ್ನೂ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗೆಳೆಯರು ಹೇಳಿದ್ದು. ಪೀರ್ಟ್ ಯಾರ ಬಳಿಯೂ ಕಲಿಯಲಿಲ್ಲ ಎನ್ನುವುದು ತಪ್ಪು, ಅವರು ಕೊನೆತನಕ ವಿದ್ಯಾರ್ಥಿಯಾಗಿದ್ದವರು. 1952ರಲ್ಲಿ ಹುಟ್ಟಿ, ಒಂಟಾರಿಯೊದ ಸೇಂಟ್ ಕ್ಯಾಥರಿನ್ಸ್ ಊರಿನ ಪೋರ್ಟ್ ಡಲ್‌ಹೌಸಿಯಲ್ಲಿ ಬೆಳೆದರು. 13ನೇ ಹುಟ್ಟುಹಬ್ಬಕ್ಕೆ ಸಿಕ್ಕಿದ್ದು ಒಂದು ಜೊತೆ ಸ್ಟಿಕ್, ಒಂದು ಅಭ್ಯಾಸದ ಪ್ಯಾಡ್ ಮತ್ತು ಪಾಠ. ವರ್ಷ ಪೂರ್ತಿ ಬಿಡದೆ ಕಲಿತರೆ ಡ್ರಮ್ಸ್ ಎಂದು ಅಪ್ಪ-ಅಮ್ಮ ಷರತ್ತು ಹಾಕಿದ್ದರು, ಡ್ರಮ್ಸ್ ಬಂದದ್ದು 14ಕ್ಕೆ. 18ಕ್ಕೆ ಲಂಡನ್ನಿಗೆ ಹೋಗಿ ಅಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯಲಾಗದೆ ಕಾರ್ನಬಿ ಬೀದಿಯ ಅಂಗಡಿಯಲ್ಲಿ ಕೆಲಸ ಮಾಡಿದರು. ವಾಪಸು ಬಂದು ಅಪ್ಪನ ಜೊತೆ ಕೃಷಿ ಯಂತ್ರಗಳ ಬಿಡಿಭಾಗದ ವ್ಯಾಪಾರದಲ್ಲಿದ್ದಾಗ, 1974ರ ಜುಲೈಯಲ್ಲಿ, ರಶ್ ಸೇರಿದರು. ಎರಡು ವಾರದಲ್ಲೇ ಪಿಟ್ಸ್‌ಬರ್ಗ್‌ನ ದೊಡ್ಡ ವೇದಿಕೆ.

ನಾನು ಹೆಚ್ಚು ಬೆಲೆ ಕೊಡುವುದು ಇದಾದ ಇಪ್ಪತ್ತು ವರ್ಷದ ನಂತರದ ಸಂಗತಿಗೆ. 1994ರ ಸುಮಾರಿಗೆ, ಜಗತ್ತೇ ಕೊಂಡಾಡುತ್ತಿದ್ದ ಹೊತ್ತಿನಲ್ಲಿ, ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಅವರಿಗೆ ಅರ್ಪಿಸಿದ ಆಲ್ಬಂ ಮಾಡುವಾಗ ತಮ್ಮ ನುಡಿಸಾಣಿಕೆ ಬಿಗಿಯಾಗಿದೆ ಎಂದು ಪೀರ್ಟ್ ಅವರಿಗೇ ಅನ್ನಿಸಿತು. ಫ್ರೆಡ್ಡಿ ಗ್ರೂಬರ್ ಎಂಬ ಹಳೆಯ ಜಾಝ್ ಗುರುವಿನ ಬಳಿ ಹೋಗಿ ಸ್ಟಿಕ್ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡರು. ಅಲ್ಲಿಯವರೆಗೆ ಎರಡೂ ಕೈಯ ಹಿಡಿತ ಒಂದೇ ತರಹ, ಎಡಗೈ ಸ್ಟಿಕ್ಕಿನ ದಪ್ಪ ತುದಿಯಲ್ಲಿ ಏಟು. ಆಮೇಲೆ ಎಡಗೈ ಅಂಗೈ ಮೇಲಾಗಿ ಹಿಡಿಯುವ ಸಾಂಪ್ರದಾಯಿಕ ಜಾಝ್ ಹಿಡಿತ. ಗ್ರೂಬರ್ ಕಲಿಸಿದ್ದರ ಸಾರ ಇಷ್ಟು: ಏಟು ಬಿದ್ದ ಮೇಲೆ ಮುಂದಿನ ಏಟಿನವರೆಗೆ ಕೈ ಎಲ್ಲಿ ಹೋಗುತ್ತದೆ ಎನ್ನುವುದನ್ನು ನೋಡಿಕೊಳ್ಳಿ. 1996ರ ‘ಟೆಸ್ಟ್ ಫಾರ್ ಎಕೋ’ ಆಲ್ಬಂ ಆ ಹೊಸ ಕೈಯಲ್ಲಿ ನುಡಿಸಿದ್ದು. ಮುಂದೆ ಜಾಝ್ ಡ್ರಮ್ಮರ್ ಪೀಟರ್ ಅರ್ಸ್‌ಕಿನ್ ಬಳಿಯೂ ಪಾಠಕ್ಕೆ ಹೋದರು. 2012ರ ‘ಕ್ಲಾಕ್‌ವರ್ಕ್ ಏಂಜೆಲ್ಸ್’ ಹೊತ್ತಿಗೆ, ಪ್ರತಿ ಏಟನ್ನೂ ಮೊದಲೇ ಕಟ್ಟಿ ಬಾಯಿಪಾಠ ಮಾಡುವ ತಮ್ಮ ಹಳೆಯ ಕ್ರಮವನ್ನೂ ಬಿಟ್ಟು, ನಿರ್ಮಾಪಕ ನಿಕ್ ರಾಸ್ಕುಲಿನೆಕ್ಸ್ ಎದುರು ನಿಂತು ಕೋಲಾಡಿಸಿ ಸೂಚಿಸಿದಂತೆ ಸ್ಥಳದಲ್ಲೇ ನುಡಿಸಿದರು. ಆಗ ಅವರಿಗೆ ಅರವತ್ತರ ಹತ್ತಿರ.

ತಾಳ ಹಾಕುತ್ತಲೇ ಸಾಲು ಹುಟ್ಟುತ್ತಿತ್ತು ಎಂಬುದು ಕೇಳಲು ಚೆಂದ. ನಡೆಯುತ್ತಿದ್ದುದು ಬೇರೆ. ಲೀ ಮತ್ತು ಲೈಫ್‌ಸನ್ ಒಂದು ಕೋಣೆಯಲ್ಲಿ ರಾಗ ಕಟ್ಟುತ್ತಿದ್ದರು, ಪೀರ್ಟ್ ಇನ್ನೊಂದು ಕಡೆ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಬರೆದ ಹಾಳೆ ಲೀ ಕೈಗೆ ಹೋಗುತ್ತಿತ್ತು. ಲೀ ಹಾಡುವವರು, ಕೆಲವೊಮ್ಮೆ ಇಡೀ ಹಾಳೆಯಲ್ಲಿ ನಾಲ್ಕೇ ಸಾಲು ಇಟ್ಟುಕೊಂಡು ಇದರ ಮೇಲೆ ಮತ್ತೆ ಕಟ್ಟು ಎನ್ನುತ್ತಿದ್ದರು. ಪೀರ್ಟ್ ಕಟ್ಟುತ್ತಿದ್ದರು. ಎಲ್ಲ ಸಾಲೂ ಅವರೊಬ್ಬರವೇ ಎನ್ನಲೂ ಆಗದು. ‘ಟಾಮ್ ಸಾಯರ್’ ಮೂಲ ಸಾಲುಗಳು ಕವಿ ಪೈ ಡುಬಾಯ್ ಅವರವು, ಪೀರ್ಟ್ ಅದಕ್ಕೆ ಸೇರಿಸಿ ತಿದ್ದಿದರು. ‘ರೆಡ್ ಬಾರ್ಕೆಟಾ’ ಹಾಡು ಹುಟ್ಟಿದ್ದು 1973ರಲ್ಲಿ ಕಾರು ಪತ್ರಿಕೆಯೊಂದರಲ್ಲಿ ಬಂದ ಸಣ್ಣಕತೆಯಿಂದ. ಓದಿದ್ದನ್ನು ಅವರು ಮುಚ್ಚಿಡಲಿಲ್ಲ.

ಓದಿದ್ದು ಮೈಮೇಲೆ ಬಂದದ್ದೂ ಉಂಟು. 1976ರ ‘2112’ ಆಲ್ಬಮ್ಮಿನಲ್ಲಿ, ವ್ಯಕ್ತಿಸ್ವಾತಂತ್ರ್ಯವೇ ಎಲ್ಲಕ್ಕಿಂತ ದೊಡ್ಡದೆಂದ ಲೇಖಕಿ ಅಯ್ನ್ ರ‍್ಯಾಂಡ್ ಪ್ರತಿಭೆಗೆ ನಮನ ಎಂದು ಅಚ್ಚಾಯಿತು. ಬ್ರಿಟಿಷ್ ಸಂಗೀತ ಪತ್ರಿಕೆಯೊಂದು 1978ರಲ್ಲಿ ಇವರ ಮೇಲೆ ಫ್ಯಾಸಿಸಂನ ನೆರಳು ಹಾಕಿತು. ಲೀ ಅವರ ತಂದೆ-ತಾಯಿ ಇಬ್ಬರೂ ನಾಜಿ ಶಿಬಿರಗಳಿಂದ ಬದುಕಿ ಬಂದವರು, ಆ ಮಾತು ಎಷ್ಟು ಚುಚ್ಚಿರಬೇಕು ಯೋಚಿಸಿ. ಪೀರ್ಟ್ ಮುಂದೆ ರ‍್ಯಾಂಡ್ ಅವರಿಂದ ಬಹಳ ದೂರ ಬಂದರು, ಬಡವರ ಬಗ್ಗೆ ಕರುಣೆಯಿರುವ ಸ್ವಾತಂತ್ರ್ಯವಾದಿ ಎಂಬ ಅರ್ಥದಲ್ಲಿ ತಮ್ಮನ್ನು ಕರೆದುಕೊಂಡರು. 23 ವರ್ಷದ ಹುಡುಗ ಓದಿದ ಪುಸ್ತಕದಿಂದ 60 ವರ್ಷದವನನ್ನು ಅಳೆಯುವುದು ಸರಿಯಲ್ಲ.

ಬರವಣಿಗೆ ಮತ್ತು ತಾಳ ನಿಜಕ್ಕೂ ಒಂದಾಗುವ ಒಂದು ಕಡೆ ಇದೆ. ನೀವು ಕನ್ನಡದಲ್ಲಿ ಬರೆಯುವವರಾದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. 1981ರ ‘ಮೂವಿಂಗ್ ಪಿಕ್ಚರ್ಸ್’ ಆಲ್ಬಮ್ಮಿನ ವಾದ್ಯಕೃತಿ ‘ವೈವೈಝಡ್’ ಶುರುವಾಗುವುದು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರ YYZ ಅನ್ನು ಮೋರ್ಸ್ ಲಿಪಿಯಲ್ಲಿ, ಅಂದರೆ ತಂತಿ ಸಂದೇಶದ ಚುಕ್ಕಿ-ಗೆರೆಗಳಲ್ಲಿ, ನುಡಿಸುವುದರಿಂದ. ಮೋರ್ಸಿನಲ್ಲಿ ವೈ ಎಂದರೆ ಗೆರೆ, ಚುಕ್ಕಿ, ಗೆರೆ, ಗೆರೆ. ಝಡ್ ಎಂದರೆ ಗೆರೆ, ಗೆರೆ, ಚುಕ್ಕಿ, ಚುಕ್ಕಿ. ಈ ಕೃತಿಯಲ್ಲಿ ಗೆರೆಗೆ ಎರಡು ಮಾತ್ರೆ, ಚುಕ್ಕಿಗೆ ಒಂದು. ನಮ್ಮ ಗುರು-ಲಘುವಿನ ಲೆಕ್ಕವೇ. ವೈ ಅಂದರೆ ರಗಣದ ಮೇಲೊಂದು ಗುರು, 7 ಮಾತ್ರೆ. ಝಡ್ 6 ಮಾತ್ರೆ. ಬಾಯಲ್ಲಿ ಹೇಳಿ:

ನಾನನಾನಾ | ನಾನನಾನಾ | ನಾನಾನನ

7+7+6, ಒಟ್ಟು 20 ಮಾತ್ರೆ. ನಾಲ್ಕು ನಾಲ್ಕರಂತೆ ಐದು ಎಣಿಕೆ. ಕಾಲಿನಲ್ಲಿ ಐದು ಎಣಿಕೆ ನಿಧಾನಕ್ಕೆ ಹಾಕುತ್ತ ಬಾಯಲ್ಲಿ ಇದನ್ನು ಹೇಳಿ, ಆಮೇಲೆ ಕೈಗೆ ತನ್ನಿ. ಸಾಮಾನ್ಯವಾಗಿ ಎಡವುವುದು ಎರಡನೇ ‘ನಾನನಾನಾ’ ಹತ್ತಿರ, ಅದು ಎಣಿಕೆಯ ಮೇಲೆ ಬೀಳದೆ ಎರಡನೇ ಎಣಿಕೆಯ ಕೊನೆಯ ಮಾತ್ರೆಯಲ್ಲಿ ಎದ್ದುಕೊಳ್ಳುತ್ತದೆ. ಅಲ್ಲಿ ಕಾಲು ತಾನೂ ಜಾರಲು ನೋಡುತ್ತದೆ. ಜಾರಿದರೆ ವೇಗ ಇಳಿಸಿ, ಕೈ ಬಿಟ್ಟು ಬಾಯಿಗೆ ಮರಳಿ.

ಈ ಲೆಕ್ಕವನ್ನೇ ನಿಮ್ಮ ಸಾಲುಗಳಿಗೆ ಹಚ್ಚಿ ನೋಡಿ. ಕನ್ನಡ ರಾಕ್ ಹಾಡು ಉಸಿರುಗಟ್ಟುವುದು ಬಹುತೇಕ ಕ್ರಿಯಾಪದದಲ್ಲಿ. ‘ಹೋಗುತ್ತಿದ್ದೇನೆ’ ಎಂದರೆ ನಾಲ್ಕು ಗುರು, ಒಂದು ಲಘು, 9 ಮಾತ್ರೆ ಖರ್ಚು. ‘ಹೊರಟೆ’ ಎಂದರೆ ಮೂರೇ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬುದನ್ನು ಮರೆತು ಬರೆದರೆ ಹಾಡುವವನು ಅದನ್ನು ನುಂಗುತ್ತಾನೆ, ಕೇಳುವವನಿಗೆ ಪದ ತಿಳಿಯುವುದಿಲ್ಲ. ಸ್ನೇರ್ (ಮುಂದಿರುವ ಚಿಕ್ಕ, ಗಡಸು ದನಿಯ ಡ್ರಮ್) ಬೀಳುವ ಎರಡು ಮತ್ತು ನಾಲ್ಕನೇ ಎಣಿಕೆಯಲ್ಲಿ ಗುರು ಬರುವಂತೆ ನೋಡಿಕೊಳ್ಳಿ. ಎತ್ತರದ ಸ್ವರದಲ್ಲಿ ಎಳೆಯಬೇಕಾದ ಕಡೆ ಆ, ಏ, ಓ ಇರಲಿ, ಇ-ಉಗಳಲ್ಲಿ ಗಂಟಲು ಕಟ್ಟುತ್ತದೆ. ಬರೆದದ್ದನ್ನು ಹಾಡುವ ಗೆಳೆಯನ ಕೈಗೆ ಕೊಟ್ಟು, ಅವನು ಹೊಡೆದುಹಾಕಿದ ಸಾಲಿಗೆ ವಾದ ಮಾಡಬೇಡಿ.

ಮಣಿಕಟ್ಟಿನ ವಿಷಯ. ‘ಟಾಮ್ ಸಾಯರ್’ ಮತ್ತೆ ಶುರುಮಾಡುವವರು ಹಿಡಿಯಬೇಕಾದ ಹಾಡೇ ಅಲ್ಲ. ಅದರ ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ ತಟ್ಟೆ) ಪೂರ್ತಿ ಒಂದೇ ಕೈಯದು. ನಿಮಿಷಕ್ಕೆ ಸುಮಾರು 88 ಎಣಿಕೆ, ಎಣಿಕೆಗೆ ನಾಲ್ಕು ಏಟು, ಅಂದರೆ ಬಲಗೈಯಿಂದ ನಿಮಿಷಕ್ಕೆ 350ರಷ್ಟು. ಮಧ್ಯದ ವಾದ್ಯಭಾಗ ಏಳರ ಎಣಿಕೆಗೆ ಹೊರಳುತ್ತದೆ, ಅಲ್ಲಿ ಲೆಕ್ಕದ ಭಯಕ್ಕೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ನೋವು ಬರುವುದು ವೇಗದಿಂದಲ್ಲ, ಪ್ರತಿ ಏಟನ್ನೂ ಮಣಿಕಟ್ಟಿನಿಂದಲೇ ಹೊಡೆದು, ಹೆಬ್ಬೆರಳು-ತೋರುಬೆರಳ ನಡುವೆ ಸ್ಟಿಕ್ ಹಿಸುಕುವುದರಿಂದ.

ಮೊದಲು ನೋವು ಪೂರ್ತಿ ಇಳಿಯುವವರೆಗೆ ಬಲಗೈಗೆ ವಿರಾಮ ಕೊಡಿ. ದಿಂಬಿನ ಮೇಲೆ ಅಭ್ಯಾಸ ಮಾಡಿ ಎಂದು ಯಾರಾದರೂ ಹೇಳಿದರೆ ಈಗ ಕೇಳಬೇಡಿ, ದಿಂಬು ಸ್ಟಿಕ್ಕನ್ನು ಹಿಂದಕ್ಕೆ ಎಸೆಯುವುದಿಲ್ಲ, ಎತ್ತುವ ಕೆಲಸವೂ ಮಣಿಕಟ್ಟಿನ ಪಾಲಾಗುತ್ತದೆ. ಬೆರಳು ಜೋಮು ಹಿಡಿದರೆ, ಹೆಬ್ಬೆರಳ ಬುಡದಲ್ಲಿ ಚುಚ್ಚಿದರೆ, ರಾತ್ರಿ ನೋವಿಗೆ ಎಚ್ಚರವಾದರೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ.

ಮರಳಿದ ಮೇಲೆ ಸ್ಟೂಲಿನ ಎತ್ತರ ನೋಡಿ: ತೊಡೆ ಸೊಂಟದಿಂದ ಮಂಡಿಗೆ ಸ್ವಲ್ಪ ಇಳಿಜಾರಾಗಿರಬೇಕು. ಹೈ-ಹ್ಯಾಟ್ ಸ್ನೇರ್‌ಗಿಂತ ಮುಕ್ಕಾಲು ಗೇಣು ಮೇಲಿರಲಿ, ಭುಜ ಏಳಬಾರದು. ಒಂದು ತೋಳಿನ ಚಲನೆಯಲ್ಲಿ ಎರಡು ಏಟು ತೆಗೆಯುವುದನ್ನು ಕಲಿಯಿರಿ. ಇಳಿಯುವಾಗ ಸ್ಟಿಕ್ಕಿನ ಮೈ ಸಿಂಬಲ್ ಅಂಚಿಗೆ, ಮಣಿಕಟ್ಟು ಏಳುವಾಗ ತುದಿ ಮೇಲ್ಭಾಗಕ್ಕೆ. ಲಯ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕಿಟ್ಟು 30 ಸೆಕೆಂಡ್ ನುಡಿಸಿ, 30 ಸೆಕೆಂಡ್ ಕೈ ಇಳಿಬಿಡಿ, ಹೀಗೆ ನಾಲ್ಕು ಸಲ. ಮೂರು ದಿನ ಸಲೀಸಾಗಿ ಬಂದರೆ ಮಾತ್ರ ಎರಡು ಎಣಿಕೆ ಏರಿಸಿ. 88 ಮುಟ್ಟಲು ಒಂದೂವರೆ ತಿಂಗಳಾದರೂ ಬೇಕು. ಅಷ್ಟರಲ್ಲಿ ಬ್ಯಾಂಡಿಗೆ ಹಾಡು ಬೇಕೇ ಬೇಕೆಂದರೆ ಎರಡೂ ಕೈಯಲ್ಲಿ ಹಂಚಿಕೊಂಡು ನುಡಿಸಿ. ನಾದ ಸ್ವಲ್ಪ ಬೇರೆಯಾಗುತ್ತದೆ, ಪರವಾಗಿಲ್ಲ.

ಕೈಗೆ ಕೆಲಸ ಕೊಡದೆ ಕಾಲಿಗೆ ಕೊಡಬೇಕೆಂದರೆ ಪೀರ್ಟ್ ತಮ್ಮ ಸೋಲೊಗಳಲ್ಲಿ ಇಟ್ಟುಕೊಂಡಿದ್ದ ಒಂದು ಪಾಠವಿದೆ, ಮೂಲ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಅವರದು: ಮೂರರ ಎಣಿಕೆ, ಒಂದಕ್ಕೆ ಕಾಲಿನಿಂದ ನುಡಿಸುವ ಬಾಸ್ ಡ್ರಮ್, ಎರಡು-ಮೂರಕ್ಕೆ ಕಾಲಿನ ಹೈ-ಹ್ಯಾಟ್. ಇದು ಐದು ನಿಮಿಷ ಅಲುಗದೆ ನಿಂತ ಮೇಲೆ ಮೇಲಿಂದ ಕೈ ಸೇರಿಸಬಹುದು.

ಕ್ಯಾನ್ಸರ್ ಬಂದಿದ್ದರಿಂದ ನಿಲ್ಲಿಸಿದರು ಎಂಬುದಕ್ಕೂ ಇಲ್ಲೇ ಉತ್ತರವಿದೆ. ರಶ್‌ನ ಕೊನೆಯ ಕಾರ್ಯಕ್ರಮ 2015ರ ಆಗಸ್ಟ್ 1, ಲಾಸ್ ಏಂಜಲೀಸ್ ಬಳಿಯ ಫೋರಂ ಸಭಾಂಗಣದಲ್ಲಿ. ಆಗಲೇ ಅವರ ಸ್ನಾಯುರಜ್ಜುಗಳ ಉರಿಯೂತ ಹಳೆಯದಾಗಿತ್ತು, ಭುಜ ಕೈಕೊಟ್ಟಿತ್ತು, ಆ ಪ್ರವಾಸದಲ್ಲಿ ಕಾಲಿಗೆ ಸೋಂಕೂ ಆಗಿತ್ತು. ಮೂರು ಗಂಟೆ ಆ ತೂಕದಲ್ಲಿ ನುಡಿಸಲಾಗದಿದ್ದರೆ ನುಡಿಸಲೇಬಾರದು ಎಂಬುದು ಅವರ ನಿಲುವು. ಮನೆಯಲ್ಲಿ 2009ರಲ್ಲಿ ಹುಟ್ಟಿದ ಮಗಳು ಒಲಿವಿಯಾ ಇದ್ದಳು. ಮೆದುಳಿನ ಕ್ಯಾನ್ಸರ್ ತಿಳಿದದ್ದು 2016ರಲ್ಲಿ. ಅದನ್ನು ಹೊರಗೆ ಹೇಳಿಕೊಳ್ಳದೆ ಮೂರೂವರೆ ವರ್ಷ ಬದುಕಿ 2020ರ ಜನವರಿ 7ರಂದು ತೀರಿಕೊಂಡರು. 2025ರ ಅಕ್ಟೋಬರಿನಲ್ಲಿ ಲೀ ಮತ್ತು ಲೈಫ್‌ಸನ್ ಮತ್ತೆ ಪ್ರವಾಸ ಹೊರಡುವುದಾಗಿ ಪ್ರಕಟಿಸಿದಾಗ ಆ ಸ್ಟೂಲಿಗೆ ಜರ್ಮನಿಯ ಡ್ರಮ್ಮರ್ ಅನಿಕಾ ನಿಲ್ಲೆಸ್ ಅವರನ್ನು ಕರೆದರು.

ಪುಸ್ತಕ. ‘ಗೋಸ್ಟ್ ರೈಡರ್’ ಈಗಲೇ ಬೇಡ. ನಡುವಿನ ಪತ್ರಗಳು ಒಂದೇ ನೋವಿಗೆ ಮತ್ತೆ ಮತ್ತೆ ಮರಳುತ್ತವೆ, ಸಿಟ್ಟು ಬಹಳವಿದೆ, ಹಸಿ ಗಾಯದಲ್ಲಿ ಓದಿದರೆ ಭಾರವಾಗುತ್ತದೆ. 2011ರ ‘ಫಾರ್ ಅಂಡ್ ಅವೇ’ಯಿಂದ ಶುರುಮಾಡಿ. ಬಿಡಿ ಪ್ರಬಂಧಗಳು, ರಾತ್ರಿಗೊಂದು ಓದಿ ಮುಚ್ಚಿಡಬಹುದು. ಅದು ಹಿಡಿಸಿದರೆ 1996ರ ‘ದ ಮಾಸ್ಕ್‌ಡ್ ರೈಡರ್’. 1988ರಲ್ಲಿ ಆಫ್ರಿಕಾದ ಕ್ಯಾಮರೂನಿನಲ್ಲಿ ಸಣ್ಣ ಗುಂಪಿನೊಡನೆ ಸೈಕಲ್ ತುಳಿದ ಕತೆ, ಚೀಲದಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರ ಮತ್ತು ವ್ಯಾನ್ ಗೋನ ಪತ್ರಗಳು. ಗುಂಪಿನವರ ಬಗ್ಗೆ ಕೆಲವು ಕಡೆ ನಿಷ್ಠುರವಾಗುತ್ತಾರೆ, ಆದರೆ ಧೂಳು, ಭೇದಿ, ಪೊಲೀಸ್ ತಪಾಸಣೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ‘ಗೋಸ್ಟ್ ರೈಡರ್’ ಮೂರನೆಯದಾಗಿರಲಿ. ಓದುವಾಗ ‘ವೇಪರ್ ಟ್ರೇಲ್ಸ್’ ಜೊತೆಗೆ ಕೇಳುವುದಾದರೆ ಡೇವಿಡ್ ಬಾಟ್ರಿಲ್ 2013ರಲ್ಲಿ ಮರುಮಿಶ್ರಣ ಮಾಡಿದ ಆವೃತ್ತಿ ಹುಡುಕಿ. 2002ರ ಮೂಲ ಆವೃತ್ತಿಯಲ್ಲಿ ಧ್ವನಿಮಟ್ಟವನ್ನು ಮಿತಿ ಮೀರಿ ಏರಿಸಿದ್ದಾರೆ, ಅದರಲ್ಲಿ ಸಿಂಬಲ್ ಕರಕರ ಅಂದರೆ ನಿಮ್ಮ ಸ್ಪೀಕರನ್ನು ಬೈಯಬೇಡಿ.